ಅಪ್ಪ ಬಿಡಿಸಿದ ಕಿತ್ತಳೆ ಸಿಪ್ಪೆ

ಮದುವೆಯಾಗಿ ಮೂರೇ ವಾರ! ಹೈರಿಡ್ಜ್‌ನ ಈ ಪುಟಾಣಿ ಮನೆಯಲ್ಲಿ ನನಗೆ ಸೋರುವ ನಲ್ಲಿಯೂ ಚೆಂದವೇ. ಇವತ್ತು ಬೆಳಿಗ್ಗೆ ನನ್ನ ಗಂಡ ಕಿತ್ತಳೆ ಸುಲಿದ. ಆ ವಾಸನೆಗೆ ಇದೇ ನಗರದ ಸೌತ್ ಸಿ ಬಡಾವಣೆಯ ನಮ್ಮ ಹಳೇ ಅಡುಗೆಮನೆ ಕಣ್ಣೆದುರು ಬಂತು.

ನಾನು ಚಿಕ್ಕವಳಿದ್ದಾಗ ಅಲ್ಲಿ ಅಪ್ಪ ಕಿತ್ತಳೆಯ ಮೇಲೆ ಪೆನ್ನಿನಿಂದ ಖಂಡಗಳನ್ನು ಬರೆದು, ಸಿಪ್ಪೆಯನ್ನು ಇಡಿಯಾಗಿ ಬಿಡಿಸಿ, ಮೇಜಿಗೆ ಒತ್ತುತ್ತಿದ್ದರು. ಅದು ಸೀಳಿಹೋಗುತ್ತಿತ್ತು.

"ನೋಡು ಪುಟ್ಟಿ, ದುಂಡು ಭೂಮಿ ಚಪ್ಪಟೆ ಮಾಡಿದ್ರೆ ಹರಿಯುತ್ತೆ. ಹರೀಬಾರದು ಅಂತ ಧ್ರುವದ ಕಡೆ ಎಳೆದು ಹಿಗ್ಗಿಸ್ತಾರೆ. ಅದಕ್ಕೇ ಮ್ಯಾಪಲ್ಲಿ ಗ್ರೀನ್‌ಲ್ಯಾಂಡ್ ಅಷ್ಟು ದಪ್ಪ!"

ಒಂದು ದಿನ ಶಾಲೆಯಲ್ಲಿ ಟೀಚರ್ ಗೋಡೆಯ ಮ್ಯಾಪ್ ತೋರಿಸಿ, ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು ಎಂದರು. ನಾನು ಎದ್ದು ನಿಂತು, "ತಪ್ಪು ಮಿಸ್, ಆಫ್ರಿಕಾನೇ ಎಷ್ಟೋ ದೊಡ್ಡದು" ಎಂದೆ. ಎದುರು ಮಾತಾಡಿದೆನೆಂದು ಅಪ್ಪನನ್ನು ಕರೆಸಿದರು. ಅಪ್ಪ ಎಲ್ಲರಿಗೂ ತೋರಿಸಲಿ ಎಂದು ನಾನು ಬ್ಯಾಗಿನಲ್ಲಿ ಕಿತ್ತಳೆ ಇಟ್ಟುಕೊಂಡು ಕುಣಿಯುತ್ತಾ ಹೋದೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ಅಪ್ಪ ಕೈಕಟ್ಟಿ ನಿಂತರು. "ಸಾರಿ ಮೇಡಂ, ಮನೇಲಿ ಆಟಕ್ಕೆ ಏನೋ ಹೇಳಿದ್ದೆ. ಮ್ಯಾಪಲ್ಲಿರೋದೇ ಸರಿ." ನನ್ನಿಂದಲೂ ಸಾರಿ ಹೇಳಿಸಿದರು.

ಕಾರಿನಲ್ಲಿ, "ನಾವು ಈ ದೇಶಕ್ಕೆ ಹೊರಗಿನವರು ಪುಟ್ಟಿ, ಇಂಥದಕ್ಕೆಲ್ಲ ಜಗಳ ಆಡಬಾರದು" ಎಂದರು. ಅಂದಿನಿಂದ ಅಪ್ಪ ಕಿತ್ತಳೆ ಹಿಡಿದರೆ ನಾನು ಎದ್ದು ಹೋಗುತ್ತಿದ್ದೆ.

ಇವತ್ತು ಸಿಪ್ಪೆಯನ್ನು ಮೇಜಿಗೆ ಒತ್ತಿ ಇವನಿಗೆ ಎಲ್ಲ ವಿವರಿಸಿದೆ. "ವಾವ್! ಯಾರು ಹೇಳಿಕೊಟ್ಟಿದ್ದು?" ಎಂದ.

"ಅಪ್ಪ" ಎಂದೆ. ಉಳಿದದ್ದನ್ನು ಹೇಳಲಾಗದೆ ಸಿಪ್ಪೆಯನ್ನು ಕಸಕ್ಕೆ ಹಾಕಿದೆ.