ಹಲ್ಲಿನ ಡಾಕ್ಟರ ಹಾಳೆಗೆ ನಾವು ಹಾರ ಹಾಕಿದ್ದು

ಹಾಸನದಲ್ಲಿ ಒಂದು ಚೀನಾ ಸ್ನೇಹ ಸಂಘವಿದೆ ಎಂದರೆ ಹೊರಗಿನವರು ನಗುತ್ತಾರೆ. ಹಾಸನದವರು ನಗುವುದಿಲ್ಲ, ಯಾಕೆಂದರೆ ಅದು ಇರುವುದೇ ಅವರಿಗೆ ಗೊತ್ತಿಲ್ಲ. ನಾನು ಅದರ ಕಾರ್ಯದರ್ಶಿ. ಚೀನಾದ ವಿಷಯದಲ್ಲಿ ನನಗೇನೋ ಪಾಂಡಿತ್ಯವಿದೆ ಎಂದು ಯಾರೂ ಈ ಪದವಿ ಕೊಟ್ಟದ್ದಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ವಂದನಾರ್ಪಣೆಯಲ್ಲಿ ಒಬ್ಬರ ಹೆಸರನ್ನೂ ಬಿಡದೆ ಹೇಳುತ್ತಾಳೆ ಎಂಬ ಒಂದೇ ಅರ್ಹತೆಯ ಮೇಲೆ ಬಂದದ್ದು.

ಅಧ್ಯಕ್ಷರು ನಿವೃತ್ತ ಎಂಜಿನಿಯರು. ಪ್ರವಾಸದ ಗುಂಪಿನೊಡನೆ ಎಂಟು ದಿನ ಚೀನಾ ನೋಡಿ ಬಂದವರು. ಆ ಎಂಟು ದಿನವೂ ಗುಂಪಿನ ಅಡುಗೆಯವರು ಮಾಡಿದ ಅನ್ನ ಸಾರನ್ನೇ ಉಂಡರಂತೆ. ಆದರೂ ಮೈಕ್ ಮುಂದೆ ನಿಂತು "ನಾನು ಚೀನಾದಲ್ಲಿದ್ದಾಗ" ಎಂದು ಶುರು ಮಾಡಿದರೆಂದರೆ, ಕೇಳಿದವರಿಗೆ ಇವರ ಬಾಲ್ಯವೂ ಅಲ್ಲೇ ಕಳೆಯಿತೇನೋ ಅನ್ನಿಸಬೇಕು. ಅವರು ಎತ್ತು ಈಯಿತು ಅಂದರೆ ನಾವು ಕರುವನ್ನು ಕೊಟ್ಟಿಗೆಗೆ ಕಟ್ಟುವವರು. ಸಂಘ ಹಾಗೆ ನಡೆಯುತ್ತಿತ್ತು.

ನಮಗೆ ಮೂರು ಶಾಖೆಗಳಿದ್ದವು. ಅರಕಲಗೂಡಿನವರು 'ಚೀನೀ ಚಹಾ ಸಂಜೆ' ಏರ್ಪಡಿಸಿದ್ದರು. ಎಲೆ ನೆನೆಸಿದ ಬಿಸಿನೀರನ್ನು ಪುಟ್ಟ ಬಟ್ಟಲಲ್ಲಿ ಕೊಟ್ಟರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಒಂದು ಗುಟುಕು ಕುಡಿದು, "ಇದು ಜ್ವರ ಬಂದೋರ್ಗೆ ಕೊಡೋದಲ್ವಾ?" ಎಂದರು. ಅಡುಗೆಯವನಿಗೆ ಅವಮಾನವಾಗಿ, ಪಾತ್ರೆಯನ್ನು ಒಳಗೆ ಒಯ್ದು ಹಾಲು, ಸಕ್ಕರೆ, ಜಜ್ಜಿದ ಶುಂಠಿ ಹಾಕಿ ಕುದಿಸಿ ತಂದ. ಜನ ಎರಡೆರಡು ಲೋಟ ಕುಡಿದರು. ವರದಿಯಲ್ಲಿ ನಾನು 'ಎರಡು ಸಂಸ್ಕೃತಿಗಳ ಅಪೂರ್ವ ಸಂಗಮ' ಎಂದು ಬರೆದೆ. ಚನ್ನರಾಯಪಟ್ಟಣದವರು ಚೀನೀ ವಸ್ತುಗಳ ಪ್ರದರ್ಶನ ಮಾಡಿದರು. ಫ್ಯಾನ್ಸಿ ಸ್ಟೋರಿನಿಂದ ಎರವಲು ತಂದ ಸೀರಿಯಲ್ ಸೆಟ್ಟು, ಮಡಚುವ ಕೊಡೆ, ಸೊಳ್ಳೆ ಬ್ಯಾಟು. ಸಂಜೆ ಎಲ್ಲವೂ ಅಂಗಡಿಗೆ ವಾಪಸಾದವು, ಸೊಳ್ಳೆ ಬ್ಯಾಟೊಂದನ್ನು ಬಿಟ್ಟು. ಸಭಾಂಗಣಕ್ಕೆ ಅದರ ಅಗತ್ಯ ನಿಜವಾಗಿಯೂ ಇತ್ತು.

ಹೊಳೆನರಸೀಪುರ ಶಾಖೆ ಎಲ್ಲರನ್ನೂ ಮೀರಿಸಿತು. ಬೆಳಿಗ್ಗೆ ಹೊಳೆ ದಡದಲ್ಲಿ ಚೀನೀಯರ ನಿಧಾನ ವ್ಯಾಯಾಮ. ಕಲಿಸುವ ಗುರು ಒಂದು ಮೊಬೈಲು. ಸರಿಯಾಗಿ ಒಂದು ಕಾಲೆತ್ತುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಇಪ್ಪತ್ತು ಜನ ಗಣ್ಯರು ವಿಡಿಯೋ ಮುಂದುವರಿಯಲಿ ಎಂದು ಒಂಟಿ ಕಾಲಲ್ಲಿ ಕಾಯುತ್ತಾ ನಿಂತರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇವರಿಗೇನೋ ಹರಕೆಯಿರಬೇಕೆಂದು ಸುಮ್ಮನಾದರು. ಇನ್ನು ಮೊಸಳೆ ಎಂಬ ಊರಿನ ಜೋಡಿ ದೇವಾಲಯಗಳಿಗೆ ಹೋಗಿ ಅಧ್ಯಕ್ಷರು ಅಲ್ಲಿಯ ಶಿಲ್ಪಗಳ ಕಣ್ಣಿನಲ್ಲಿ ಚೀನಾವನ್ನು ಹುಡುಕಿದ ಸಂಗತಿಯನ್ನು ನಾನು ಬರೆಯುವುದಿಲ್ಲ. ಶಿಲ್ಪಗಳಿಗಾದರೂ ಮರ್ಯಾದೆ ಬೇಡವೇ.

ಹೀಗೆ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆಯುತ್ತಿದ್ದೆವು. ಬೆಣ್ಣೆ ನನ್ನ ಬ್ಲೌಸ್ ಹೊಲಿಯುತ್ತಿತ್ತು.

ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಆಕೆಗೆ ಐವತ್ತು ದಾಟಿತ್ತು. ಇಪ್ಪತ್ತು ವರ್ಷದಿಂದ ನನ್ನ ತೋಳಿನ ಅಳತೆ ಅವರಿಗೆ ಗೊತ್ತು, ಅವರ ಅಪ್ಪ ಯಾರೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ನನ್ನ ಚೀಲದಲ್ಲಿದ್ದ ಸಂಘದ ಆಮಂತ್ರಣ ಪತ್ರಿಕೆ ನೋಡಿ ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತರು.

"ಮೇಡಂ, ನಿಮ್ ಸಂಗ್ದಲ್ಲಿ ಚೀನಾ ಅಕ್ಸರ ಓದೋರು ಅವ್ರಾ?"

ಯಾಕೆ ಎಂದೆ.

"ನಮ್ಮಪ್ಪ ಚೀನಾದೋರು ಕಣ್ ಮೇಡಂ. ಇಲ್ಲೇ ಅಲ್ಲು ಕೀಳೋ ಡಾಕ್ಟ್ರು. ಒಂದು ಕಾಗ್ದ ಬರ್ದಿಟ್ಟವ್ರೆ. ಏನಂತ ಒಬ್ರಿಗೂ ಗೊತ್ತಿಲ್ಲ."

ಅವರು ಹೇಳಿದ್ದಿಷ್ಟು. ಅಪ್ಪ ಹುಡುಗಾಟದ ವಯಸ್ಸಿನಲ್ಲಿ ಹಾಸನಕ್ಕೆ ಬಂದು, ಒಂದು ಕುರ್ಚಿ ಮತ್ತು ದೊಡ್ಡ ದಂತಪಂಕ್ತಿಯ ಚಿತ್ರವಿದ್ದ ಬೋರ್ಡಿನೊಡನೆ ಹಲ್ಲಿನ ಅಂಗಡಿ ಇಟ್ಟರು. ದಂಡಿಗನಹಳ್ಳಿ ಕಡೆಯ ಬೇಸಾಯಗಾರರ ಮಗಳನ್ನು ಮದುವೆಯಾದರು. ಯುದ್ಧ ಬಂದಾಗ ಬೋರ್ಡಿನಲ್ಲಿದ್ದ 'ಚೈನೀಸ್' ಎಂಬ ಪದವನ್ನು ತಾವೇ ಅಳಿಸಿದರು. ಈಕೆಗೆ ಎಂಟು ವರ್ಷವಾಗಿದ್ದಾಗ ತೀರಿಕೊಂಡರು. ಆಮೇಲೆ ಟ್ರಂಕಿನ ತಳದಲ್ಲಿ ಸುರುಳಿ ಸುತ್ತಿದ ಒಂದು ಹಾಳೆ ಸಿಕ್ಕಿತು. ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಹಾಸಿಗೆ ಬಿಟ್ಟು ಏಳುವುದಿಲ್ಲ, ಆದರೆ ಕಿವಿ, ನಾಲಿಗೆ ಎರಡೂ ಚುರುಕು. ಅದು ಗಂಡ ತನ್ನ ತಾಯಿಗೆ ಬರೆದು ಕಳಿಸಲಾಗದೆ ಉಳಿದ ಕಾಗದವೆಂದು ಆ ಮುದುಕಿಯ ನಂಬಿಕೆ.

"ಅತ್ತೆ ಮೊಕ ನಾನ್ ನೋಡ್ಲಿಲ್ಲ, ಅವ್ರಿಗೇನ್ ಬರ್ದಿದ್ದ ಅಂತ ಕಣ್ ಮುಚ್ಚೋದ್ರೊಳ್ಗೆ ತಿಳ್ಕಬೇಕು ಅಂತದೆ ಮೇಡಂ ನಮ್ಮವ್ವ. ದಿನಾ ಅದೇ ಮಾತು."

ಅಮ್ಮ ದಿನಾ ಹೇಳುವ ಇನ್ನೊಂದು ಮಾತನ್ನೂ ನಗುತ್ತಾ ಹೇಳಿದರು. ಅಪ್ಪನಿಗೆ ಕನ್ನಡ ಒಂದು ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ತಾತನ ಮುಂದೆ ನಿಂತು ಹೆಣ್ಣು ಕೇಳಿದ್ದು ಮಾತ್ರ ತಡವರಿಸದೆ. ತಾತ ದಂಗಾಗಿ, "ಇಷ್ಟು ಚೆಂದಾಗಿ ಮಾತಾಡೋನ್ಗೆ ಕೊಡ್ದೆ ಇನ್ಯಾರ್ಗೆ ಕೊಡನ" ಎಂದು ಒಪ್ಪಿಬಿಟ್ಟರಂತೆ. ಅಳಿಯನಿಗೆ ಬರುವುದು ಆ ಒಂದೇ ಮಾತು ಎಂಬುದು ಮದುವೆಯಾದ ಮೇಲೆ ತಿಳಿಯಿತು.

ನಾನು ಆಕೆಯನ್ನು ಅಧ್ಯಕ್ಷರ ಬಳಿ ಕರೆದೊಯ್ದೆ. ಅವರು ಮೊದಲು ಹಿಗ್ಗಿದರು, ಆಮೇಲೆ ಆಕೆಯ ಮುಖವನ್ನು ದಿಟ್ಟಿಸಿ ನಿರಾಶರಾದರು. "ನಿಮ್ಮ ಮುಖದಲ್ಲಿ ಚೀನಾ ಕಾಣೋದಿಲ್ವಲ್ಲಮ್ಮ" ಎಂದರು, ಆಕೆ ಯಾವುದೋ ಅರ್ಜಿಯ ಜೊತೆ ದಾಖಲೆ ಲಗತ್ತಿಸದೆ ಬಂದ ಹಾಗೆ. ವೇದಿಕೆಗೆ ಮುಖ ಪ್ರಯೋಜನವಿಲ್ಲವೆಂದು ಹಾಳೆಯನ್ನು ಇಟ್ಟುಕೊಂಡರು. ಎರಡು ತಿಂಗಳಲ್ಲಿ ಓದಿಸಿ ಕೊಡುವುದಾಗಿ ಮಾತು ಕೊಟ್ಟರು.

ಓದಿಸುವ ಮೊದಲು ಅದಕ್ಕೆ ಗಾಜಿನ ಕಟ್ಟು ಹಾಕಿಸಿದರು. ಮುಂದಿನ ಕಾರ್ಯಕ್ರಮದಲ್ಲಿ ಅದು ವೇದಿಕೆಯ ಹಿಂದೆ ತೂಗಾಡಿತು. ನಮ್ಮಲ್ಲಿ ಚೌಕಟ್ಟು ಕಂಡ ಮೇಲೆ ಕೈ ಸುಮ್ಮನಿರುತ್ತದೆಯೇ? ಒಬ್ಬರು ಸೇವಂತಿಗೆ ಹಾರ ಹಾಕಿದರು, ಇನ್ನೊಬ್ಬರು ಗಾಜಿಗೆ ಕುಂಕುಮ ಇಟ್ಟರು, ದೀಪ ಬೆಳಗಿದ ಅತಿಥಿಗಳು ಅದಕ್ಕೆ ಕೈ ಮುಗಿದೇ ಕೂತರು. ಯಾರೋ ಅರ್ಥ ಕೇಳಿದಾಗ ಅಧ್ಯಕ್ಷರು ಕಣ್ಣು ಮಿಟುಕಿಸದೆ, "ವಿಶ್ವಶಾಂತಿ ಮತ್ತು ಸಹಬಾಳ್ವೆ" ಎಂದರು.

ಆಕೆ ಹಿಂದಿನ ಸಾಲಿನಿಂದ ಎದ್ದು ಬಂದು ಮೆಲ್ಲಗೆ ಹೇಳಿದರು. "ಸಾ, ಉಲ್ಟಾ ನೇತಾಕವ್ರೆ ಅನ್ಸ್ತದೆ. ಗೋಂದಿನ ಗುರ್ತು ಮ್ಯಾಲಿರ್ಬೇಕಲ್ವಾ, ಕೆಳಗದೆ."

"ಚೀನಾ ನೋಡಿ ಬಂದಿರೋನು ನಾನಮ್ಮ. ಆ ಲಿಪಿ ಹಾಗೇ ಇರೋದು."

ನಲವತ್ತು ವರ್ಷ ಬಟ್ಟೆಯ ಮೇಲು ಕೆಳಗು ನೋಡಿ ಕತ್ತರಿ ಹಾಕಿದ ಹೆಂಗಸು ಮತ್ತೆ ಹಿಂದಿನ ಸಾಲಿಗೆ ಹೋಗಿ ಕೂತರು. ನನಗೂ ಅನುಮಾನವಿತ್ತು. ನಾನು ಬಾಯಿ ಬಿಡಲಿಲ್ಲ. ಕಾಲೇಜಿನಲ್ಲಿ ಮಕ್ಕಳಿಗೆ ನಿರ್ಭೀತಿಯಿಂದ ಪ್ರಶ್ನಿಸಿ ಎಂದು ಬೋಧಿಸುವ ನನಗೆ ಆ ದಿನ ವಂದನಾರ್ಪಣೆಯ ಪಟ್ಟಿ ಹೆಚ್ಚು ಮುಖ್ಯವಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ತಿಂಗಳು ಎರಡು ವರ್ಷವಾಯಿತು. ಒಮ್ಮೆ ನಾನೇ ಆ ಕಟ್ಟನ್ನು ಕಳ್ಳತನದಿಂದ ತಿರುಗಿಸಿ ಫೋನಿನ ಅನುವಾದದ ಆ್ಯಪಿಗೆ ತೋರಿಸಿದೆ. 'ಅಂಟು, ಅವಳು, ವಿಶೇಷ, ಚೌಕ' ಎಂದು ಬಂತು. ಅಧ್ಯಕ್ಷರಿಗೆ ಹೇಳಿದರೆ, "ವಿಶೇಷ ಅಂತ ಬಂದಿದೆಯಲ್ಲ, ಮತ್ತಿನ್ನೇನು?" ಎಂದರು. ಹಾಳೆಯನ್ನು ವಾಪಸು ಕೊಡೋಣ ಎಂದರೆ ಅದೀಗ ಸಂಘದ ಲಾಂಛನದಂತಾಗಿದೆ, ಹೇಗೆ ಕೊಡುವುದು ಎಂಬ ಸಂಕಟ ಅವರದು. ಪ್ರತಿ ಕಾರ್ಯಕ್ರಮಕ್ಕೂ ಆಕೆ ಬರುತ್ತಿದ್ದರು, ಕೊನೇ ಸಾಲಿನಲ್ಲಿ ಕೂರುತ್ತಿದ್ದರು, ಹೊರಡುವಾಗ ಒಂದೇ ಮಾತು ಕೇಳುತ್ತಿದ್ದರು. "ಓದೋರು ಸಿಕ್ಕುದ್ರಾ ಮೇಡಂ? ಅವ್ವ ಈಚೆಗೆ ಗಂಜಿನೂ ಸರ್ಯಾಗಿ ತಕ್ಕತಿಲ್ಲ."

ಈ ವರ್ಷದ ವಾರ್ಷಿಕೋತ್ಸವಕ್ಕೆ ಹೊಳೆನರಸೀಪುರದ ಒಬ್ಬ ಹುಡುಗಿಯನ್ನು ಕರೆದಿದ್ದೆವು. ಚೀನಾದಲ್ಲಿ ಡಾಕ್ಟರಿಕೆ ಓದಿ ಬಂದು, ಇಲ್ಲಿಯ ಪರೀಕ್ಷೆಗೆ ಸಿದ್ಧವಾಗುತ್ತಿದ್ದವಳು. ಚೀನಾದಲ್ಲಿ ಆರು ವರ್ಷ ಇದ್ದವಳಿಗೆ ಐದು ನಿಮಿಷ, ಎಂಟು ದಿನ ಇದ್ದವರಿಗೆ ನಲವತ್ತು ನಿಮಿಷ ಎಂದು ಕಾರ್ಯಕ್ರಮ ಪಟ್ಟಿಯನ್ನು ನಾನೇ ಬರೆದಿದ್ದೆ. ಅವಳು ಮೈಕ್ ಹತ್ತಿರ ಬಂದವಳು ಹಿಂದಕ್ಕೆ ತಿರುಗಿ, ಕತ್ತು ವಾಲಿಸಿ ನೋಡಿದಳು.

"ಸರ್, ಇದು ತಲೆಕೆಳಗಾಗಿದೆ" ಎಂದಳು. ಮೈಕ್ ಆನ್ ಆಗಿತ್ತು.

ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಸಮಯದ ಅಭಾವವಿದೆ, ಅದನ್ನು ಆಮೇಲೆ ನೋಡೋಣ ಎಂದರು. ಅಷ್ಟರಲ್ಲಿ ಕೊನೇ ಸಾಲಿನಲ್ಲಿ ಆಕೆ ಎದ್ದು ನಿಂತಿದ್ದರು. "ಅಂಗಾರೆ ಒಸಿ ತಿರುಗ್ಸಿ ಓದವ್ವ" ಎಂದರು. ಅಧ್ಯಕ್ಷರು ನನ್ನ ಕಡೆ ನೋಡಿದರು, ಮುಂದಿನ ಭಾಷಣಕಾರರನ್ನು ಕರೆ ಎಂಬಂತೆ. ನಾನು ಕುರ್ಚಿ ಎಳೆದು ಅದರ ಮೇಲೆ ಹತ್ತಿ, ಹಾರವನ್ನು ಕಿತ್ತು ಕೆಳಗೆ ಹಾಕಿ, ಕಟ್ಟನ್ನು ಮೊಳೆಯಿಂದ ಇಳಿಸಿ ಅವಳ ಕೈಗೆ ಕೊಟ್ಟೆ. ಎರಡು ವರ್ಷದಲ್ಲಿ ಕಾರ್ಯದರ್ಶಿಯಾಗಿ ನಾನು ಮಾಡಿದ ಮೊದಲ ಕೆಲಸ ಅದು.

ಹುಡುಗಿ ಮನಸ್ಸಿನಲ್ಲೇ ಓದಿಕೊಂಡಳು. ಹುಬ್ಬು ಗಂಟಿಕ್ಕಿತು. "ಇದಕ್ಕೆ ಅರ್ಥವೇ ಇಲ್ಲ ಮೇಡಂ. ಬಿಡಿ ಬಿಡಿ ಅಕ್ಷರಕ್ಕೆ ಅರ್ಥ ಇದೆ, ಸೇರಿಸಿ ಓದಿದರೆ ಏನೂ ಇಲ್ಲ. ಬರೀ ಸದ್ದು."

"ಬೀಜಾಕ್ಷರ ಮಂತ್ರ" ಎಂದರು ಅಧ್ಯಕ್ಷರು, ಜೀವ ಬಂದವರಂತೆ.

"ಆ ಸದ್ದೇ ಓದವ್ವ" ಎಂದರು ಆಕೆ. ಅಷ್ಟೊತ್ತಿಗೆ ವೇದಿಕೆಯ ಬುಡಕ್ಕೆ ಬಂದಿದ್ದರು.

ಹುಡುಗಿ ಬೆರಳಿಟ್ಟು ಓದಿದಳು. "ಬಾ… ಯಿ… ತೆ… ಗೆ…" ತಡೆದಳು. "ನೋ… ವಾ… ಅ… ಲ… ಬೇ… ದಾ…"

ಮೊದಲು ನಕ್ಕದ್ದು ಹಿಂದಿನ ಸಾಲು. ಆಮೇಲೆ ಇಡೀ ಸಭೆಗೆ ಹೊಳೆಯಿತು. ಬಾಯಿ ತೆಗೆ. ನೋವಾ? ಅಳಬೇಡ. ಹಲ್ಲಿನ ಡಾಕ್ಟರು ರೋಗಿಗಳಿಗೆ ಹೇಳಬೇಕಾದ ಮಾತುಗಳನ್ನು ಕಲಿಯಲು, ಕನ್ನಡದ ಸದ್ದನ್ನು ತಮಗೆ ಗೊತ್ತಿದ್ದ ಅಕ್ಷರದಲ್ಲಿ ಬರೆದು ಅಂಟಿಸಿಕೊಂಡಿದ್ದರು. ನಾವು ಎರಡು ವರ್ಷ ಹಾರ ಹಾಕಿ ಕೈ ಮುಗಿದ ಪ್ರಾಚೀನ ಚೀನೀ ಜ್ಞಾನ ಶುದ್ಧ ಹಾಸನ ಕನ್ನಡವಾಗಿತ್ತು. ನಾಲ್ಕನೆಯದು 'ಉಗಿ' ಎಂದು. ಅಧ್ಯಕ್ಷರು ಪ್ರತಿ ಸಲ ನಿಂತು ನಮಸ್ಕರಿಸುತ್ತಿದ್ದುದು ಸರಿಯಾಗಿ ಅದರ ಎದುರಿಗೆ.

ಆಕೆ ಮಾತ್ರ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಎಂಟನೇ ವಯಸ್ಸಿಗೆ ನಿಂತುಹೋದ ದನಿ ಅದು, ಅದೇ ತಡವರಿಕೆಯಲ್ಲಿ ಮೈಕಿನಲ್ಲಿ ಕೇಳುತ್ತಿತ್ತು.

"ಕೊನೇ ಸಾಲು ಬೇರೆ ಮಸಿಯಲ್ಲಿದೆ, ಆಮೇಲೆ ಸೇರಿಸಿದ್ದು ಅನ್ಸುತ್ತೆ" ಎಂದಳು ಹುಡುಗಿ. "ನಿ… ಮ… ಮ… ಗ… ಲ… ನ… ಕೊ… ದಿ…"

ನಿಮ್ಮ ಮಗಳನ್ನ ಕೊಡಿ.

ಆಕೆ ಕೈ ಚಾಚಿ ಕಟ್ಟನ್ನು ಇಸಿದುಕೊಂಡು, ಯಾರನ್ನೂ ಕೇಳದೆ ಬಾಗಿಲ ಕಡೆ ನಡೆದರು. ಅಧ್ಯಕ್ಷರು ಸಂಘದ ಆಸ್ತಿ ಎಂದೇನೋ ಹೇಳಹೊರಟು ಅಲ್ಲಿಗೇ ನಿಲ್ಲಿಸಿದರು. ನಾನೂ ಅವರ ಹಿಂದೆ ಹೊರಟೆ. ಆ ದಿನ ವಂದನಾರ್ಪಣೆ ನಡೆಯಲಿಲ್ಲ.

ಆಟೋದಲ್ಲಿ ಆಕೆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮನೆಗೆ ಹೋಗಿ ಅಮ್ಮನ ಪಕ್ಕ ಕೂತು, ಕಟ್ಟನ್ನು ಹಾಸಿಗೆಯ ಮೇಲಿಟ್ಟು, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದರು. ಬಾಯಿ ತೆಗೆ ಎಂದಾಗ ಮುದುಕಿಯ ಮುಖ ಅರಳಿತು. "ಅವ್ರವ್ವಂಗೆ ಬರ್ದಿದ್ದಲ್ವಾ?" ಎಂದು ಕೇಳಿತು. ಅಲ್ಲ ಕಣವ್ವ ಎಂದು ಮಗಳು ಕೊನೇ ಸಾಲು ಹೇಳಿದರು.

ಮುದುಕಿ ತುಂಬಾ ಹೊತ್ತು ಗಾಜಿನ ಮೇಲೆ ಬೆರಳಾಡಿಸಿತು. ನಮ್ಮವರು ಇಟ್ಟಿದ್ದ ಕುಂಕುಮ ಬೆರಳಿಗೆ ಮೆತ್ತಿಕೊಂಡಿತು.

"ಅದ ನಾನೇ ಕಣೆ ಏಳ್ಕೊಟ್ಟಿದ್ದು" ಎಂದಿತು. "ನೋವಿಲ್ದಿರೋ ಅಲ್ಲು ತೋರ್ಸ್ತೀನಿ ಅಂತ ಮೂರ್ ಸರ್ತಿ ಓಗಿದ್ದೆ, ಅದ್ನ ಏಳ್ಕೊಡಕೆ."

ಆಮೇಲೆ ಆ ಸಾಲು ಯಾವುದೆಂದು ಮಗಳನ್ನು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು, ಅರವತ್ತು ವರ್ಷದ ಹಿಂದಿನ ಯಾರೋ ಹುಡುಗನ ಮೇಲೆ ಮುನಿಸಿಕೊಂಡಂತೆ ನನ್ನ ಕಡೆ ತಿರುಗಿತು.

"ಬರ್ಕಂಡಿದ್ನಾ? ಬಾಯ್ಪಾಠ ಆಗ್ಯದೆ ಅಂತ ಏಳಿದ್ದ ಕಣವ್ವ ನನ್ನತ್ರ."