ಮುತ್ತಜ್ಜನ ಕಾಗದ ಹುಡುಕಿ ಚೆನ್ನೈಗೆ

ಬಳ್ಳಾರಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಗುಂತಕಲ್ಲಿಗೆ ಹೋದೆವು. ಅಲ್ಲಿಗೆ ಬರಬೇಕಿದ್ದ ಚೆನ್ನೈ ರೈಲು ಮುಕ್ಕಾಲು ತಾಸು ತಡವಾಯಿತು. ಸ್ಲೀಪರ್ ಟಿಕೀಟು ಒಬ್ಬರಿಗೆ ಮುನ್ನೂರರ ಮೇಲೆ ಚಿಲ್ಲರೆ. ಹೊರಟವರು ನಾನು ಮತ್ತು ನನ್ನ ಮಗಳು ನಾಗವೇಣಿ, ಇಬ್ಬರೇ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಈರುಳ್ಳಿ. ಕಡಪ ದಾಟುವ ಹೊತ್ತಿಗೆ ಕಿಟಕಿಯ ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಮಗಳು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮೂರು ದಿನದ ಹಿಂದೆ ಆದ ಜಗಳದ ಕಾವು ಇನ್ನೂ ಆರಿರಲಿಲ್ಲ.

ಜಗಳಕ್ಕೆ ಕಾರಣ ಹೇಳುತ್ತೇನೆ. ಅವಳು ಎಂ.ಎ. ಎರಡನೇ ವರ್ಷ, ಇತಿಹಾಸ. ನಮ್ಮ ಸೀಮೆಯ ಹಳೇ ಹಳ್ಳಿ ಶಾಲೆಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಅದರಲ್ಲಿ ನಮ್ಮೂರು ಹಿರೇಬಂಡೆಯ ಶಾಲೆಯದೂ ಒಂದು ಅಧ್ಯಾಯ. 'ಈ ಶಾಲೆಯ ಮೊದಲ ಮೇಷ್ಟ್ರು ಹನುಮಂತಪ್ಪ' ಎಂದು ಬರೆದಿದ್ದಳು. ಹನುಮಂತಪ್ಪ ನನ್ನ ಮುತ್ತಜ್ಜ. ಆ ಸಾಲಿನ ಕೆಳಗೆ ಅವಳ ಗೈಡ್ ಮೇಡಂ ಕೆಂಪು ಗೆರೆ ಎಳೆದು 'ಆಧಾರ?' ಎಂದು ಕೇಳಿದ್ದರು. ಇವಳು ಮೂರು ಆಧಾರ ಕೊಟ್ಟಳು: ಒಂದು ವೆಬ್‌ಸೈಟು, ಶಾಲೆಯ ಸ್ಮರಣ ಸಂಚಿಕೆ, ಮೂರನೆಯದು ನಾನು. ಮೇಡಂ ಒಪ್ಪಲಿಲ್ಲ. ಹೊಸ ಆಧಾರ ತರಬೇಕು, ಇಲ್ಲವೇ ಆ ಅಧ್ಯಾಯ ಕೈಬಿಡಬೇಕು, ಹತ್ತು ದಿನ ಸಮಯ ಅಂದರು.

ನನಗೆ ಸಿಟ್ಟು ಬಂತು. "ನನ್ನ ಮಾತಿಗೆ ಆಧಾರ ಕೇಳೋ ಆಕಿ ಯಾರು?" ಅಂದೆ.

"ಕೇಳೋದು ಅವರ ಕೆಲಸ ಅಪ್ಪಾ. ನಿನ್ನ ಮಾತು ಅಂತ ಅಲ್ಲ, ಯಾರದೇ ಆದ್ರೂ ಕೇಳ್ತಾರ."

"ಹಂಗಾದ್ರ ನಡಿ. ಕಾಗದನೇ ತಂದು ಮೇಜಿನ ಮ್ಯಾಲೆ ಒಗೆಯೋಣ."

ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಮ್ಮ ಕಡೆಯ ಎಷ್ಟೋ ಹಳೇ ಕಾಗದ ಈಗಲೂ ಚೆನ್ನೈನಲ್ಲಿವೆ. ಅದನ್ನು ಹೇಳಿದವರೂ ಮೇಡಂ ಅವರೇ. ಅಂಬತ್ತೂರಿನಲ್ಲಿರುವ ತಮ್ಮ ಸೋದರಮಾವನ ವಿಳಾಸ ಕೊಟ್ಟು, ಕಾಲೇಜಿನ ಪತ್ರಕ್ಕೆ ಸೀಲು ಹಾಕಿಸಿ ಕಳಿಸಿದರು. ಇಷ್ಟು ಮಾಡಿದವರ ಮೇಲೆ ನಾನು ಸಿಟ್ಟಾಗಿದ್ದೆ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ನಾನು ಬಳ್ಳಾರಿಯಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ಸುಟ್ಟುಹೋದ ಮೋಟರಿನ ಹಳೇ ಸುರುಳಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸುವ ಕೆಲಸ. ಓದು ಬೇಗ ಬಿಟ್ಟೆ, ಕೆಲಸ ಒಂದು ದಿನವೂ ಬಿಡಲಿಲ್ಲ. ನನ್ನ ಕೈಯಿಂದ ಹೋದ ಮೋಟರ್ ವರ್ಷದೊಳಗೆ ವಾಪಸ್ ಬಂದದ್ದಿಲ್ಲ. ಇದನ್ನು ಬಡಾಯಿ ಅನ್ನುವವರು ಅಂಗಡಿಗೆ ಬಂದು ವಿಚಾರಿಸಬಹುದು.

ಸಂಜೆ ಪೆರಂಬೂರಿನಲ್ಲಿ ಇಳಿದು ಲೋಕಲ್ ರೈಲಿನಲ್ಲಿ ಹಿಂದಕ್ಕೆ ಅಂಬತ್ತೂರಿಗೆ ಹೋದೆವು. ಟಿಕೀಟು ಐದು ರೂಪಾಯಿ. ಅಷ್ಟು ಅಗ್ಗದಲ್ಲಿ ಅಷ್ಟು ಬೆವರನ್ನು ಬೇರೆ ಯಾವ ಊರೂ ಕೊಡಲಾರದು. ಕಾರ್ಖಾನೆ ಬಿಟ್ಟ ಹೊತ್ತು. ಡಬ್ಬಿ ತುಂಬ ಗ್ರೀಸಿನ ವಾಸನೆ. ನನಗಂತೂ ಮನೆಗೆ ಬಂದ ಹಾಗಾಯಿತು. ನಾಗವೇಣಿ ಮೂಗಿಗೆ ವೇಲು ಹಿಡಿದಳು.

ಮೇಡಂ ಅವರ ಸೋದರಮಾವ ಗುರುರಾಜ ರಾಯರಿಗೆ ಎಪ್ಪತ್ತು ದಾಟಿದೆ. ಇನ್ಶೂರೆನ್ಸ್ ಕಚೇರಿಯಲ್ಲಿದ್ದು ನಿವೃತ್ತರಾದವರು. ಹಣೆಯ ಮೇಲೆ ಅಂಗಾರದ ಗೆರೆ, ಕೈಯಲ್ಲಿ ಭೂತಗನ್ನಡಿ. ಅವರ ಮನೆತನ ಮದ್ರಾಸಿಗೆ ಬಂದು ಮೂರು ತಲೆಮಾರಾಗಿದೆ. ಕನ್ನಡ ಉಳಿದಿದೆ, ಆದರೆ ತಮಿಳನ್ನು ಸೊಸೆ ಮಾಡಿಕೊಂಡಿದೆ.

"ವಾಂಗೋ, ಬನ್ನಿ ಬನ್ನಿ! ಟ್ರೈನಲ್ಲಿ ಇಡಂ ಸಿಕ್ತಾ? ಕೂತ್ಕೊಳ್ಳೋಕೆ ಸಿಕ್ತಾ ಅಂತ. ಶ್ರೀನಿಧೀ, ಮಾಮಾಗೆ ನೀರು ಕೊಡಮ್ಮ!"

ಒಳಗಿಂದ ಮೊಮ್ಮಗಳು, "ತಾತಾ, ಫ್ರಿಡ್ಜ್‌ಲ ಇರುಕ್ಕು, ನೀಂಗಳೇ ಎಡುತ್ತುಕ್ಕೊಂಗೊ!" ಅಂತ ಕೂಗಿದಳು. ಫ್ರಿಡ್ಜಿನಲ್ಲಿದೆ, ನೀವೇ ತಗೊಳ್ಳಿ ಅಂತ.

"ನೋಡಿ, ಕನ್ನಡ ಪೂರಾ ಅರ್ಥ ಆಗತ್ತೆ. ಎದ್ದು ಬರೋದು ಮಾತ್ರ ಆಗಲ್ಲ," ಎಂದು ರಾಯರು ತಾವೇ ನೀರು ತಂದರು.

ಕಾಫಿ ಕುಡಿಯುತ್ತ ನಾಗವೇಣಿ ತನ್ನ ಮೂರು ಆಧಾರಗಳನ್ನು ಹೇಳಿದಳು. ರಾಯರು ಫೋನಿನಲ್ಲಿ ಆ ವೆಬ್‌ಸೈಟು ತೆರೆಸಿ, ಕೊನೆಯವರೆಗೂ ಸರಿಸಲು ಹೇಳಿದರು. ಅಡಿಯಲ್ಲಿ ಸಣ್ಣಕ್ಷರದಲ್ಲಿ 'ಕೃಪೆ: ಶಾಲಾ ಸ್ಮರಣ ಸಂಚಿಕೆ' ಎಂದಿತ್ತು.

"ಸೆರಿ. ಒಂದು ಹೋಯ್ತು. ಸಂಚಿಕೆಯಲ್ಲಿ ಬರೆದೋರು ಯಾರು?"

"ಆಗಿನ ಹೆಡ್‌ಮಾಸ್ಟರು," ಅಂದೆ.

"ಅವರು ಆ ಊರಿನೋರಾ?"

"ಅಲ್ಲ, ಗಂಗಾವತಿ ಕಡೆಯೋರು."

"ಮತ್ತೆ ಅವರಿಗೆ ಹೇಳಿದ್ದು ಯಾರು ಸಾರ್?"

ಕಾಫಿ ಲೋಟ ಬಾಯಿಗೆ ಹಿಡಿದಿದ್ದೆ. ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ. "ನಾನೇ," ಅಂದೆ.

ನಾಗವೇಣಿ ನಗು ತಡೆಯಲಾರದೆ ಬಾಲ್ಕನಿಗೆ ಹೋದಳು. ರಾಯರು ನಗಲಿಲ್ಲ. "ಪರವಾಯಿಲ್ಲ, ಎಲ್ಲಾರ ಮನೇಲೂ ಹೀಗೇ," ಅಂದರು. "ಯಾರು ಹೇಳಿದ್ರು, ಕಣ್ಣಲ್ಲಿ ಕಂಡು ಹೇಳಿದ್ರಾ, ಕೇಳಿ ಹೇಳಿದ್ರಾ? ಅಷ್ಟು ನೋಡಿದರೆ ಮೂರು ಒಂದಾಗಿಬಿಡತ್ತೆ. ನಿಮಗೆ ಯಾರು ಹೇಳಿದ್ದು?"

"ನಮ್ಮಜ್ಜಿ. ಹನುಮಂತಪ್ಪನ ಸೊಸಿ ಆಕಿ. ಒಂದ್ಸಲ ಅಲ್ಲ, ನೂರು ಸಲ ಹೇಳ್ಯಾಳ." ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಪೊಂಗಲ್ ತಿಂದು ಮೂವರೂ ಎಗ್ಮೋರಿನ ದಾಖಲೆ ಕಚೇರಿಗೆ ಹೋದೆವು. ಕೆಂಪು ಕಟ್ಟಡ, ಎತ್ತರದ ಫ್ಯಾನು. ಫ್ಯಾನಿನ ಮೋಟರ್ ಸದ್ದು ಕೇಳಿದೆ, ಬೇರಿಂಗ್ ಚೆನ್ನಾಗಿತ್ತು. ಪೆನ್ನು ಒಳಗೆ ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಕಾಲೇಜಿನ ಪತ್ರ, ಗುರುತಿನ ಚೀಟಿ ನೋಡಿ ನಾಗವೇಣಿಗೆ ದಪ್ಪ ದಪ್ಪ ಸೂಚಿಗಳನ್ನು ಕೊಟ್ಟರು. ಎಲ್ಲ ಇಂಗ್ಲಿಷು. ಮಧ್ಯಾಹ್ನದವರೆಗೆ ಹುಡುಕಿದರೂ ಹಿರೇಬಂಡೆ ಸಿಗಲಿಲ್ಲ.

ಊಟಕ್ಕೆ ಹೋದ ಮೆಸ್ಸಿನಲ್ಲಿ ಸಾಂಬಾರು, ವತ್ತಕೊಳಂಬು, ಬೇಡವೆಂದರೂ ಬಡಿಸುವ ಅನ್ನ. ರಾಯರು ನನ್ನನ್ನು ಕೇಳಿದರು: "ನಿಮ್ಮೂರಿನ ಹಳಬರು ಊರ ಹೆಸರು ಹೇಗೆ ಅಂತಾರೆ? ಪುಸ್ತಕದ ಥರ ಬೇಡ, ಬಸ್ಸಿಗೆ ಓಡ್ತಾ ಹೇಳೋ ಥರ ಹೇಳಿ."

"ಈರಬಂಡಿ," ಅಂದೆ.

"ಹಾಂ! ಕಾಗದ ಬರೆದ ಇಂಗ್ಲಿಷ್ ದೊರೆ ಕಿವಿಗೆ ಬಿದ್ದದ್ದು ಅದು."

ಊಟ ಮುಗಿಸಿ ಬಂದು ಅರ್ಧ ತಾಸಿನಲ್ಲಿ ನಾಗವೇಣಿ 'ಈರಾಬಂಡಿ' ಅಂತ ಇಂಗ್ಲಿಷಿನಲ್ಲಿ ಬರೆದದ್ದನ್ನು ಹಿಡಿದಳು. ಶಾಲೆಯ ತನಿಖೆಯ ಪತ್ರಗಳು, ಎರಡು. ಅದುವರೆಗೆ ಅಲ್ಲಿ ನನ್ನಿಂದಾದ ಉಪಕಾರ ಅದೊಂದೇ, ಆದರೆ ಅದಿಲ್ಲದಿದ್ದರೆ ವಾಪಸ್ ಬರಬೇಕಾಗಿತ್ತು. ಕಡತ ತೆಗೆದುಕೊಡುವುದು ನಾಳೆ ಎಂದರು.

ಉಳಿದ ಸಂಜೆ ಸೌಕಾರ್‌ಪೇಟೆಗೆ ಹೋದೆವು. ಬೀದಿ ಎಷ್ಟು ಇಕ್ಕಟ್ಟೆಂದರೆ ಎದುರು ಬಂದ ಕೈಗಾಡಿಗೆ ನಾವು ಅಂಗಡಿಯೊಳಗೆ ಹತ್ತಿ ದಾರಿ ಬಿಡಬೇಕು. ಬಟ್ಟೆ, ಬೆಳ್ಳಿ, ಬಣ್ಣದ ಕಾಗದದ ನಡುವೆ ಒಂದು ತಂತಿ ಅಂಗಡಿ ಸಿಕ್ಕಿತು. ಒಂದು ಸುರುಳಿ ಎತ್ತಿಕೊಂಡು ಜೇಬಿನಿಂದ ಮೈಕ್ರೋಮೀಟರ್ ತೆಗೆದು ತಂತಿಯ ದಪ್ಪ ಅಳೆದೆ. ಅದಿಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ.

ಅಂಗಡಿಯವನು, "ಅಣ್ಣೇ, ಲೇಬಲ್ ಇರುಕ್ಕೇ! ಅದೆ ನಂಬಮಾಟೀಂಗಳಾ?" ಅಂದ. ಲೇಬಲ್ಲನ್ನೂ ನಂಬುವುದಿಲ್ಲವೇ ಅಂತ.

"ಲೇಬಲ್ ಓದಿ ಮೋಟರ್ ತಿರುಗಂಗಿಲ್ಲಪ್ಪ," ಅಂದೆ. ಮೋಟರಿನ ಮೇಲಿನ ತಗಡಿನಲ್ಲಿ ಏನೇ ಬರೆದಿರಲಿ, ಹಿಂದೆ ಸುತ್ತಿದವನು ಏನೇ ಹೇಳಿರಲಿ, ಹಳೇ ಸುರುಳಿ ಬಿಚ್ಚಿ ಸುತ್ತು ಎಣಿಸದೆ ನಾನು ಹೊಸದು ಸುತ್ತುವುದಿಲ್ಲ.

ನಾಗವೇಣಿ ಪಕ್ಕದಲ್ಲೇ ನಿಂತಿದ್ದಳು. "ತಂತಿಗೆ ಮೈಕ್ರೋಮೀಟರ್. ಅಜ್ಜಿ ಮಾತಿಗೆ ಮಾತ್ರ ಲೇಬಲ್ ಸಾಕು, ಹೌದಲ್ಲೋ ಅಪ್ಪಾ?" ಅಂದಳು. ತಂತಿ ಲೇಬಲ್ಲಿನಷ್ಟೇ ದಪ್ಪ ಇತ್ತು. ಎರಡು ಕಿಲೋ ಕಟ್ಟಿಸಿಕೊಂಡು ಬಂದೆ.

ಮೂರನೇ ದಿನ ಬೆಳಿಗ್ಗೆ ಕಡತ ಮೇಜಿನ ಮೇಲೆ ಬಂತು. ಅಂಚು ಬಿಸ್ಕೀಟಿನ ಹಾಗೆ ಪುಡಿಯಾಗುತ್ತಿತ್ತು. ನಾಗವೇಣಿ ಹಾಳೆ ತಿರುವುವಾಗ ಉಸಿರು ಹಿಡಿದಿದ್ದಳು. ರಾಯರು ಭೂತಗನ್ನಡಿ ಕೊಟ್ಟರು. ಅವಳು ಇಂಗ್ಲಿಷನ್ನು ನನಗಾಗಿ ಕನ್ನಡ ಮಾಡುತ್ತ ಮೆಲ್ಲಗೆ ಓದಿದಳು: ಊರ ಹೆಸರು, ಗುಡ್ಡ, ಬಾವಿ, ಶಾಲೆಯ ಕೋಣೆ. ಆಮೇಲೆ ಒಮ್ಮೆಲೆ, "ಅಪ್ಪಾ... ಮೇಸ್ತ್ರಿ ಹನುಮಂತಪ್ಪ."

ನಾನು ಮೇಜು ಗುದ್ದಿಬಿಟ್ಟೆ. "ಕೇಳಿದ್ಯಾ! ಮೇಷ್ಟ್ರು ಹನುಮಂತಪ್ಪ! ಬರ್ಕೋ! ನಿಮ್ಮ ಮೇಡಂಗ ತೋರ್ಸು!"

ಆಚೆ ಮೇಜಿನವರೆಲ್ಲ ತಲೆಯೆತ್ತಿದರು. ಸಿಬ್ಬಂದಿಯೊಬ್ಬರು ಬಂದು, "ಸಾರ್, ಕೊಂಚ ಮೆದುವಾ," ಎಂದು ತುಟಿಗೆ ಬೆರಳಿಟ್ಟು ಹೋದರು. ನಾನು ಕೈಮುಗಿದೆ. ಆದರೆ ಮಗಳ ಮುಖದಲ್ಲಿ ಗೆಲುವು ಇರಲಿಲ್ಲ. ಅವಳು ಮುಂದಿನ ಸಾಲಿನ ಮೇಲೆ ಬೆರಳಿಟ್ಟಿದ್ದಳು.

"ಪೂರಾ ಕೇಳು. 'ಮೇಸ್ತ್ರಿ ಹನುಮಂತಪ್ಪ ಮತ್ತು ಅವನ ಆಳುಗಳು ಗೋಡೆಗಳನ್ನು ಎಬ್ಬಿಸಿದ್ದಾರೆ. ಕಲ್ಲಿನ ಕೆಲಸ ಚೆನ್ನಾಗಿದೆ. ಚಾವಣಿ ಬಾಕಿ ಇದೆ. ಶಿಕ್ಷಕ ಇನ್ನೂ ಬಂದಿಲ್ಲ.'"

"ಮೇಸ್ತ್ರಿ ಅಂದ್ರ ಮೇಷ್ಟ್ರು ಅಲ್ಲೇನು?" ಅಂತ ರಾಯರನ್ನು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು. ನಮ್ಮೂರಲ್ಲೂ ಮೇಸ್ತ್ರಿ ಅಂದರೆ ಗೋಡೆ ಕಟ್ಟುವ ಗೌಂಡಿಗಳ ಮೇಲಿನವನು.

"ಅಲ್ಲ ಸಾರ್. ಇಲ್ಲೂ ಅಲ್ಲ, ಅಲ್ಲೂ ಅಲ್ಲ."

"ಆ ಸಾಹೇಬ ಬಳ್ಳಾರಿಯೊಳಗ ಕುಂತು ಯಾರೋ ಹೇಳಿದ್ದನ್ನ ಬರೆದಿರಬಹುದಲ್ಲ?"

"ಒಳ್ಳೇ ಪ್ರಶ್ನೆ," ಅಂದರು ರಾಯರು. ನನ್ನನ್ನು ಸಮಾಧಾನ ಮಾಡಲು ಅಂದದ್ದಲ್ಲ, ನಿಜವಾಗಿಯೇ ಅಂದರು. "ಸರ್ಕಾರಿ ಕಾಗದ ಅಂತ ಕೈ ಮುಗೀಬಾರದು. ಎರಡನೇ ಪತ್ರ ನೋಡಮ್ಮ."

ಎರಡನೆಯದು ಬೇರೆ ಕೈಬರಹ, ಬೇರೆ ಸಹಿ, ಅರ್ಧ ವರ್ಷದ ನಂತರದ್ದು. ಬರೆದವನು ಕುದುರೆಯ ಮೇಲೆ ಬಂದು ಶಾಲೆಯೊಳಗೆ ಅರ್ಧ ದಿನ ಕೂತಿದ್ದನಂತೆ. ಬಳ್ಳಾರಿಯಿಂದ ವೆಂಕಟರಮಣಯ್ಯ ಎಂಬ ಶಿಕ್ಷಕ ಬಂದು ಸೇರಿದ್ದಾನೆ, ಇವನೇ ಈ ಶಾಲೆಗೆ ಮೊದಲನೆಯವನು, ಹತ್ತೊಂಬತ್ತು ಮಕ್ಕಳಿದ್ದಾರೆ ಎಂದಿತ್ತು. ಹನುಮಂತಪ್ಪನ ಹೆಸರು ಆ ಪತ್ರದಲ್ಲಿ ಇರಲೇ ಇಲ್ಲ.

ನಾನು ಎದ್ದು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಓದು ಬಿಟ್ಟು ಅಂಗಡಿ ಸೇರಿದಾಗ ಜೊತೆಯ ಹುಡುಗರು 'ದಡ್ಡ' ಅಂದರೆ, ನಾನು ಮೇಷ್ಟ್ರ ಮರಿಮಗ ಅನ್ನುತ್ತಿದ್ದೆ. ಮದುವೆಯ ಮಾತುಕತೆಯಲ್ಲೂ ಅಂದಿದ್ದೆ. ಮಗಳನ್ನು ಕಾಲೇಜಿಗೆ ಹಚ್ಚುವಾಗ ಇದು ನಮ್ಮ ರಕ್ತದಲ್ಲೇ ಐತಿ ಅಂದಿದ್ದೆ. ಅಜ್ಜಿಗೆ ಹಲ್ಲಿರಲಿಲ್ಲ. ಮೇಷ್ಟ್ರು, ಮೇಸ್ತ್ರಿ, ಎರಡೂ ಆಕೆಯ ಬಾಯಲ್ಲಿ ಒಂದೇ ಥರ ಬರುತ್ತಿದ್ದವು. 'ನಿಮ್ಮ ಮುತ್ತಜ್ಜ ಸಾಲಿ ಮೇಸ್ತ್ರಿ' ಅನ್ನುತ್ತಿದ್ದಳು. ಶಾಲೆಯನ್ನು ಕಟ್ಟುವ ಮೇಸ್ತ್ರಿಯೂ ಇರುತ್ತಾನೆ ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ.

ನಾಗವೇಣಿ ಹಿಂದೆಯೇ ಬಂದಳು. "ಅಪ್ಪಾ, ಈ ಅಧ್ಯಾಯ ತೆಗೆದುಬಿಡ್ತೀನಿ. ಉಳಿದ ನಾಲ್ಕು ಶಾಲೆ ಸಾಕು. ಮೇಡಂ ಏನೂ ಅನ್ನಂಗಿಲ್ಲ. ಊರಾಗ ಯಾರಿಗೂ ಗೊತ್ತಾಗಂಗಿಲ್ಲ."

"ಇಷ್ಟು ದೂರ ಬಂದು, ಸಿಕ್ಕಿದ್ದನ್ನ ಬಿಟ್ಟು ಹೋಗೋದೇನು? ಒಳಗ ಹೋಗು. ಒಂದಕ್ಷರ ಬಿಡದಂಗ ನಕಲು ಮಾಡ್ಕೋ," ಅಂದೆ. ಗದರಿದ ಹಾಗೆ ಕೇಳಿಸಿರಬೇಕು. ಅವಳು ಒಳಗೆ ಹೋದಳು.

ನಕಲು ಮುಗಿಯುವ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬಿಟ್ಟಿತ್ತು. ಒಂದು ದಿನ ಉಳಿದು ಬೆಸೆಂಟ್ ನಗರದ ಸಮುದ್ರ ನೋಡಿ ಹೋಗಿ ಎಂದು ರಾಯರು ಒತ್ತಾಯ ಮಾಡಿದರು. ಅಂಗಡಿಯಲ್ಲಿ ಮೂರು ಮೋಟರ್ ಕಾಯುತ್ತಿದ್ದವು, ಒಪ್ಪಲಿಲ್ಲ. ಮಾರನೇ ಬೆಳಿಗ್ಗೆ ಪೆರಂಬೂರಿಗೆ ಬಂದೆವು. ರಾಯರ ಮನೆಯವರು ಕಟ್ಟಿಕೊಟ್ಟ ಮೊಸರನ್ನ ಇನ್ನೂ ತಣ್ಣಗಿತ್ತು.

ರೈಲು ಅರ್ಧ ತಾಸು ತಡ. ಬೆಂಚಿನ ಮೇಲೆ ಕೂತು ನಾಗವೇಣಿ ಬರೆಯುತ್ತಿದ್ದಳು. ಏನು ಬರೆದೆ ಓದು ಅಂದೆ. ಅವಳು ಹಿಂಜರಿಯುತ್ತ ಓದಿದಳು.

"'ಹನುಮಂತಪ್ಪನವರು ಈ ಶಾಲೆಯ ಮೊದಲ ಶಿಕ್ಷಕರೆಂಬ ಮಾತು ಊರಿನಲ್ಲಿದೆ. ಆದರೆ ದಾಖಲೆಗಳ ಪ್ರಕಾರ ಅವರು ಶಾಲೆಯ ಕಟ್ಟಡ ಕಟ್ಟಿಸಿದ ಮೇಸ್ತ್ರಿ. ಅವರ ಸೊಸೆ ತಪ್ಪಾಗಿ ಹೇಳಿದ್ದರಿಂದ ಈ ನಂಬಿಕೆ ಹುಟ್ಟಿರಬಹುದು.'"

"ಕಡೀ ಸಾಲು ತಪ್ಪು."

"ಯಾವುದು?"

"ಅಜ್ಜಿ ಸರಿಯಾಗೇ ಹೇಳಿದ್ಲು. ಸಾಲಿ ಮೇಸ್ತ್ರಿ ಅಂತಲೇ ಅಂದಿದ್ಲು. ತಪ್ಪು ಕೇಳಿಸ್ಕೊಂಡವನು ನಾನು. ಹಂಗ ಬರಿ."

ಅವಳು ಆ ಸಾಲು ಹೊಡೆದು ಹಾಕಿದಳು. ಮೈಕಿನಲ್ಲಿ ನಮ್ಮ ರೈಲಿನ ಹೆಸರು ಮೂರು ಭಾಷೆಯಲ್ಲಿ ಕೂಗಿದರು. ಜನ ಎದ್ದು ಸಾಮಾನು ಎತ್ತಿಕೊಂಡರು. ಅವಳು ಮಾತ್ರ ಪೆನ್ನು ಹಿಡಿದು ಕೂತೇ ಇದ್ದಳು.

"ಕೇಳಿಸ್ಕೊಂಡವರು ಯಾರು ಅಂತ ಬರೀಲಿ ಅಪ್ಪಾ? 'ಕುಟುಂಬದವರೊಬ್ಬರು' ಅಂತ ಹಾಕಬಹುದು."

"ಹೆಸರು ಹಾಕು," ಅಂದೆ. "ನಾಳೆ ಯಾರಿಗಾದರೂ ಅನುಮಾನ ಬಂದ್ರ, ಬಂದು ಕೇಳಾಕ ಒಬ್ಬ ಬೇಕಲ್ಲ."

ರೈಲು ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಅವಳು ನನ್ನ ಹೆಸರು ಬರೆದು, ಅದರ ಮುಂದೆ ಕಸುಬನ್ನೂ ಬರೆದಳು.