ಗುಡ್ಡದ ಮೇಲಿಂದ ಕಾಣುವುದು

ಸಹ್ಯಾದ್ರಿಯ ಜಲಪಾತಗಳ ಫೋಟೋ ತೆಗೆಯುವುದು ನನ್ನ ಕೆಲಸ. ಒಮ್ಮೆ ಘಟ್ಟ ಇಳಿದು, ಸುಂಕಸಾಳದಲ್ಲಿ ಅಂಕೋಲೆಯ ಬಸ್ ಹತ್ತಿದೆ. ಪಕ್ಕದಲ್ಲಿ ಮೀನು ಮಾರಿ ಮುಗಿಸಿದ ಅಕ್ಕ, ಕಾಲಬಳಿ ಖಾಲಿ ಬುಟ್ಟಿ. ಅವರು ಕೇಳದಿದ್ದರೂ ಮೊಬೈಲಿನಲ್ಲಿ ಜಲಪಾತ, ಮಂಜು, ಹೂವು ಎಲ್ಲ ತೋರಿಸಿದೆ.

“ಸಮುದ್ರದ್ದು ಇಲ್ವನೇ ತಂಗಿ?”

“ನೀವು ಸಮುದ್ರದ ಬದಿಯವರೇ ಅಲ್ವಾ ಅಕ್ಕಾ?”

“ನಮ್ಮನೆಯವ್ರು ದೋಣಿಯಿಂದ ಈ ಗುಡ್ಡ ನೋಡ್ಕಂಡೇ ಮನೆ ದಿಕ್ಕು ಹಿಡೂದು. ಅವ್ರಿಗೆ ಗುಡ್ಡ ಕಾಣ್ತದೆ. ಗುಡ್ಡದ ಮೇಲಿಂದ ಅವ್ರು ಕಾಣೂದಿಲ್ವಾ?”

ನಾನು ಆ ಕಡೆ ತಿರುಗಿಯೇ ನೋಡಿರಲಿಲ್ಲ.

ಮುಂದಿನ ಸಲ ಜಲಪಾತಕ್ಕೆ ಬೆನ್ನು ಹಾಕಿ, ದೂರದ ನೀಲಿ ಗೆರೆಯತ್ತ ಕೈ ಬೀಸಿದೆ. ಪ್ರವಾಸಿಗರು ಮೊಬೈಲ್ ಹಿಡಿದು ಓಡಿಬಂದರು, “ಏನು ಕಾಣ್ತಿದೆ?”

“ದೋಣಿ” ಅಂದೆ.

ಯಾರಿಗೂ ಕಾಣಲಿಲ್ಲ. ನನಗೂ ಕಂಡಿರಲಿಲ್ಲ, ಬಿಡಿ.